ಕಪ್ ಶಾಲೆಗೆ, ಹುಡುಗ ಯಾರಿಗೆ?

ಜುಲೈ, ಆಗಸ್ಟ್ ಬಂತೆಂದರೆ ತುಮಕೂರಿನ ಮೈದಾನಗಳಲ್ಲಿ, ಗುಬ್ಬಿ, ಕುಣಿಗಲ್‌ನ ಶಾಲಾ ಬಯಲುಗಳಲ್ಲಿ ಬೆಳಿಗ್ಗೆಯಿಂದಲೇ ಶಾಲಾ ಕ್ರೀಡಾಕೂಟದ ಸೀಟಿ ಸದ್ದು. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಆಮೇಲೆ ವಿಭಾಗ, ಆಮೇಲೆ ರಾಜ್ಯ. ತುಮಕೂರು ಕಂದಾಯ ಲೆಕ್ಕದಲ್ಲಿ ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಗೆ ಎರಡು. ಗುಬ್ಬಿ, ಕುಣಿಗಲ್ ತುಮಕೂರಿನ ಕಡೆಗೆ ಬಂದರೆ ಶಿರಾ, ಪಾವಗಡ ಮಧುಗಿರಿಯ ಕಡೆಗೆ. ಎಲ್ಲಿಯೇ ಆಡಿದರೂ ತಂಡದ ಆಟಗಳಿಗೆ ಸಾಮಾನ್ಯವಾಗಿ ನಾಕೌಟ್ ಪದ್ಧತಿ. ಸೋತರೆ ಆ ವರ್ಷಕ್ಕೆ ಮನೆ ದಾರಿ.

ಹದಿನಾಲ್ಕರ ಒಳಗಿನವರ ಫುಟ್‌ಬಾಲ್ ಪಂದ್ಯ ನಡೆಯುವಾಗ ಗೆರೆಯಾಚೆ ಕೂತ ಮಕ್ಕಳನ್ನು ನೋಡಬೇಕು. ಜೆರ್ಸಿ ತೊಟ್ಟು, ಶೂ ಲೇಸನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತ ಕೂತಿರುತ್ತಾರೆ. ತಂಡ ಮೂರು ಗೋಲು ಮುಂದಿದ್ದರೂ ಅವರನ್ನು ಇಳಿಸುವುದಿಲ್ಲ. ‘ಸಾರ್, ನಾನು?’ ಅಂದರೆ ‘ಇರೋ, ಮುಂದಿನ ಮ್ಯಾಚಿಗೆ’ ಅನ್ನುವ ಉತ್ತರ. ಮುಂದಿನ ಎದುರಾಳಿ ಇನ್ನೂ ಗಟ್ಟಿ. ಅಲ್ಲಿ ಇವನನ್ನು ಇಳಿಸುವ ಮಾತೇ ಇಲ್ಲ. ಒಳಗೆ ಆಡುವವನ ಪಾಡೂ ಅಷ್ಟೇನೂ ಬೇರೆಯಲ್ಲ. ಹಿಂದೆ ನಿಂತ ಹುಡುಗನ ಕಾಲಿಗೆ ಚೆಂಡು ಬಂತು, ತಲೆಯೆತ್ತಿ ಯಾರಿಗೆ ಕೊಡಲಿ ಎಂದು ನೋಡಿದ. ಅಷ್ಟರಲ್ಲಿ ಗೆರೆಯಾಚೆಯಿಂದ ‘ಹೊಡಿಯೋ, ಆಚೆ ಹೊಡಿ!’ ಎಂಬ ಕೂಗು. ಅವನು ಎತ್ತಿ ಹೊಡೆಯುತ್ತಾನೆ, ಮುಂದಿರುವ ಎತ್ತರದ ಹುಡುಗ ಓಡುತ್ತಾನೆ, ಗೋಲಾದರೂ ಆಗಬಹುದು. ಆದರೆ ಆಟಗಾರನೊಬ್ಬ ಹುಟ್ಟಬೇಕಾದ ಗಳಿಗೆ ಆ ತಲೆಯೆತ್ತಿ ನೋಡಿದ ಗಳಿಗೆ. ಅದು ಕೂಗಿನಲ್ಲಿ ಕಳೆದುಹೋಯಿತು.

ಇದಕ್ಕೆ ಪಿ.ಟಿ. ಮೇಷ್ಟ್ರನ್ನು ದೂರುವುದು ಸುಲಭ, ಆದರೆ ಅನ್ಯಾಯ. ಕೊಕ್ಕೊ, ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳಬೇಕು, ಜೊತೆಗೆ ಪ್ರಾರ್ಥನೆಯ ಸಾಲು, ಬಿಸಿಯೂಟದ ಸಾಲು. ಗೆದ್ದು ಬಂದರೆ ಶಾಲೆಯ ಗೇಟಿಗೆ ಫ್ಲೆಕ್ಸು, ಪತ್ರಿಕೆಯಲ್ಲಿ ಫೋಟೊ; ಮರು ವರ್ಷ ಚೆಂಡು ಕೊಳ್ಳಲು ಹಣ ಕೇಳುವ ಧೈರ್ಯ. ಪೋಷಕರಿಗೂ ಅವರದೇ ಲೆಕ್ಕ. ವೃತ್ತಿ ಶಿಕ್ಷಣದ ಸೀಟುಗಳಲ್ಲಿ ಕ್ರೀಡಾ ಕೋಟಾ ಇದೆ, ಅದಕ್ಕೆ ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟ್‌ಗೆ ಗೆಲುವು ಬೇಕು.

ಇಷ್ಟೆಲ್ಲದರ ಬುಡದಲ್ಲಿ ಇನ್ನೊಂದು ಕಾರಣವಿದೆ, ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. ನಮ್ಮಲ್ಲಿ ಹುಡುಗನ ಗೆಲುವು ಶಾಲೆಗೆ ಸೇರುತ್ತದೆ, ಹುಡುಗನ ಬೆಳವಣಿಗೆ ಯಾರಿಗೂ ಸೇರುವುದಿಲ್ಲ. ಹಿರಿಯ ಪ್ರಾಥಮಿಕ ಶಾಲೆ ಏಳಕ್ಕೋ ಎಂಟಕ್ಕೋ ಮುಗಿಯುತ್ತದೆ. ಹೈಸ್ಕೂಲು ಬೇರೆ ಕಡೆ, ಪಿಯುಸಿ ಮತ್ತೊಂದು ಕಡೆ. ನಡುವೆ ಎಸ್ಸೆಸ್ಸೆಲ್ಸಿ ಬರುತ್ತದೆ, ‘ಸಾಕು ಆಟ, ಪುಸ್ತಕ ಹಿಡಿ’ ಎನ್ನುವ ಮಾತು ಬರುತ್ತದೆ. ಹೆಣ್ಣುಮಕ್ಕಳಿಗಂತೂ ಅದಕ್ಕೂ ಮುಂಚೆಯೇ. ಹನ್ನೊಂದರ ಹುಡುಗನಿಗೆ ಎರಡೂ ಕಾಲಲ್ಲಿ ಚೆಂಡು ತಡೆಯುವುದನ್ನು ತಾಳ್ಮೆಯಿಂದ ಕಲಿಸಿದ ಮೇಷ್ಟ್ರಿಗೆ ಅವನು ಹದಿನೆಂಟಕ್ಕೆ ಹೇಗೆ ಆಡಿದ ಎಂಬ ಸುದ್ದಿಯೂ ತಲುಪುವುದಿಲ್ಲ. ಹೀಗಿರುವಾಗ ಈ ಆಗಸ್ಟಿನ ಕಪ್ಪನ್ನು ಬಿಟ್ಟು ಏಳು ವರ್ಷದಾಚೆಗಿನ ಆಟಗಾರನಿಗಾಗಿ ಅವರು ಯಾಕೆ ಕಾಯಬೇಕು?

ವೃತ್ತಿಪರ ಫುಟ್‌ಬಾಲ್ ಈ ಪ್ರಶ್ನೆಗೆ ಒಂದು ಉತ್ತರ ಕಂಡುಕೊಂಡಿದೆ. ಕರಾರಿನಲ್ಲಿರುವ ಆಟಗಾರನನ್ನು ಹೊರದೇಶದ ಕ್ಲಬ್ ಹಣ ಕೊಟ್ಟು ಕೊಂಡರೆ ಆ ಮೊತ್ತದ ಶೇ 5ರಷ್ಟು, ಅವನು 12ರಿಂದ 23ನೇ ವಯಸ್ಸಿನವರೆಗೆ ಕಲಿತ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕು ಎಂಬುದು ಫಿಫಾ ನಿಯಮ. ಕಲಿಸಿದವರಿಗೆ ಪಾಲು ಕೊಡುವುದು ಅದರ ಉದ್ದೇಶ. ಗುಬ್ಬಿಯ ಸರ್ಕಾರಿ ಶಾಲೆಗೆ ಯುರೋಪಿನ ಹಣ ಬರಲಿ ಎಂದು ನಾನು ಹೇಳುತ್ತಿಲ್ಲ. ಕಲಿಸಿದವರ ಹೆಸರಾದರೂ ಹುಡುಗನ ಜೊತೆ ಮುಂದಿನ ಶಾಲೆಗೆ ಹೋಗಲಿ, ಅವನು ರಾಜ್ಯ ತಂಡಕ್ಕೆ ಆಯ್ಕೆಯಾದ ದಿನ ಏಳನೇ ತರಗತಿಯ ಮೇಷ್ಟ್ರಿಗೂ ಶಾಲು ಬೀಳಲಿ.

ಗೆಲ್ಲುವ ಆತುರದಲ್ಲಿ ಮೊದಲು ಹೊರಬೀಳುವವರು ಸಣ್ಣಗಿರುವ ಮಕ್ಕಳು. ಇದು ಕುಣಿಗಲ್‌ನವರಿಗೆ ಬೇಗ ಅರ್ಥವಾಗಬೇಕು. ಟಿಪ್ಪು ಕಾಲದಿಂದ ಹೆಸರಾದ ಕುದುರೆ ಫಾರ್ಮ್ ಅಲ್ಲಿದೆ. ರೇಸ್ ಕುದುರೆ ಯಾವ ತಿಂಗಳಲ್ಲಿ ಹುಟ್ಟಿದರೂ ಲೆಕ್ಕಕ್ಕೆ ಜನವರಿ 1ರಂದು ಅದರ ವಯಸ್ಸು ಒಂದು ವರ್ಷ ಏರುತ್ತದೆ. ಹಾಗಾಗಿ ಮರಿ ವರ್ಷದ ಆರಂಭದಲ್ಲೇ ಹುಟ್ಟುವಂತೆ ಸಾಕುವವರು ನೋಡಿಕೊಳ್ಳುತ್ತಾರೆ. ಮೇ ತಿಂಗಳ ಮರಿ ಜನವರಿಯ ಮರಿಯ ಜೊತೆ ಓಡುವಾಗ ನಾಲ್ಕು ತಿಂಗಳ ಮಾಂಸ, ಮೂಳೆ ಕಡಿಮೆಯಿರುತ್ತದೆ. ಮಕ್ಕಳ ಫುಟ್‌ಬಾಲ್‌ನಲ್ಲಿಯೂ ವಯೋಮಿತಿಗೆ ಹೆಚ್ಚಾಗಿ ಜನವರಿ 1ರ ಗೆರೆಯೇ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹದಿಮೂರರ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಎತ್ತರದಲ್ಲಿ ಎದ್ದು ಕಾಣುವ ವ್ಯತ್ಯಾಸವೂ ಆಗಬಹುದು. ದೊಡ್ಡ ಕ್ಲಬ್‌ಗಳ ಬಾಲಕರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಿರುವುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ನಮ್ಮಲ್ಲಿ ಇದರ ಮೇಲೆ ವಯಸ್ಸು ಮುಚ್ಚಿಡುವ ಚಾಳಿ ಬೇರೆ. ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ನೋಡುವ ಪರೀಕ್ಷೆಯನ್ನು ಭಾರತ ಫುಟ್‌ಬಾಲ್ ಒಕ್ಕೂಟ ತರಬೇಕಾಗಿ ಬಂದದ್ದೇ ಇದಕ್ಕೆ. ದಾಖಲೆಯಲ್ಲಿ ಎರಡು ವರ್ಷ ಕಳೆದವನು ಗೆದ್ದಾಗ ಸೋತದ್ದು ಎದುರಿನ ತಂಡವಷ್ಟೇ ಅಲ್ಲ, ಅದೇ ಶಾಲೆಯಲ್ಲಿ ಅವನ ಜಾಗಕ್ಕೆ ಬರಬೇಕಿದ್ದ ನಿಜವಾದ ಹದಿಮೂರರ ಹುಡುಗ ಕೂಡ.

ಸಣ್ಣಗಿರುವವರನ್ನು ಕೈಬಿಡದ ಊರೂ ಇದೆ. ನಾರ್ವೆಯ ಬ್ರೂನೆ ಗುಬ್ಬಿ ಪಟ್ಟಣಕ್ಕಿಂತ ಚಿಕ್ಕ ಊರು. ಫುಟ್‌ಬಾಲ್ ತಾರೆ ಎರ್ಲಿಂಗ್ ಹಾಲಂಡ್ ಆಟ ಕಲಿತದ್ದು ಅಲ್ಲಿ, ಸುಮಾರು ನಲವತ್ತು ಮಕ್ಕಳ ಗುಂಪಿನಲ್ಲಿ. ತರಬೇತುದಾರರು ‘ಇವನು ಬೇಕು, ಇವನು ಬೇಡ’ ಎಂದು ಆರಿಸಲಿಲ್ಲ, ಎಲ್ಲರನ್ನೂ ವರ್ಷಗಟ್ಟಲೆ ಜೊತೆಗೆ ಇಟ್ಟುಕೊಂಡರು. ಹಾಲಂಡ್ ಹದಿಹರೆಯದ ನಡುವಿನವರೆಗೂ ಗಿಡ್ಡ, ಸಣಕಲು. ಜೊತೆಗೆ ಆಡುವವರಲ್ಲಿ ಬಹಳ ಮಂದಿ ಅವನಿಗಿಂತ ಒಂದು ವರ್ಷ ದೊಡ್ಡವರು. ಮೈಬಲವಿಲ್ಲದ ಹುಡುಗ ಜಾಗ ನೋಡಿ ಓಡುವುದನ್ನು ಕಲಿತ. ಎತ್ತರ ಆಮೇಲೆ ಬಂತು. ಆ ನಲವತ್ತರಲ್ಲಿ ಆರು ಮಂದಿ ವೃತ್ತಿಪರರಾದರು. ಆ ದೇಶದಲ್ಲಿ ಹನ್ನೊಂದು ತುಂಬುವ ವರ್ಷದವರೆಗೆ ಮಕ್ಕಳ ಪಂದ್ಯಗಳಿಗೆ ಅಂಕಪಟ್ಟಿಯೇ ಇಲ್ಲ. 28 ವರ್ಷಗಳ ನಂತರ ನಾರ್ವೆ 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಅಂಕಪಟ್ಟಿ ಇಲ್ಲದೆ ಬೆಳೆದವರು ಗೆಲ್ಲಲು ಮರೆತಿಲ್ಲ.

ಅಷ್ಟು ದೂರ ಯಾಕೆ, ತುಮಕೂರಿನಿಂದ 70 ಕಿ.ಮೀ. ದೂರದ ಬೆಂಗಳೂರನ್ನೇ ನೋಡಿ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಕಡೆಯವರೇ. ಹಲಸೂರಿನ ಗೌತಮಪುರದಂಥ ಇಕ್ಕಟ್ಟಿನ ಕೇರಿಗಳಲ್ಲಿ ಹುಡುಗ ಶಾಲೆ ಬಿಟ್ಟ ಮೇಲೂ ಆಟ ಬಿಡಬೇಕಿರಲಿಲ್ಲ, ಅವನನ್ನು ಹಿಡಿದಿಡಲು ಕ್ಲಬ್‌ಗಳಿದ್ದವು. 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ಬಳಿಕ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತು. ಅಂಥ ತಂಡಕ್ಕೆ ನಮ್ಮ ತಾಲ್ಲೂಕುಗಳಿಂದಲೂ ಹುಡುಗರು ಹೋಗಬೇಕಾದರೆ ಹತ್ತರಿಂದ ಹದಿನೆಂಟರವರೆಗೆ ಅವರನ್ನು ಕೈಬಿಡದ ಒಂದು ಜಾಗ ತಾಲ್ಲೂಕಿಗೊಂದು ಬೇಕು.

ಗೆಲುವೇ ಬೇಡ ಎಂದರೆ ಮಕ್ಕಳೇ ಒಪ್ಪುವುದಿಲ್ಲ. ಬೀದಿಯಲ್ಲಿ ಆಡುವಾಗ ಪ್ರತಿ ಗೋಲನ್ನೂ ಎಣಿಸುತ್ತಾರೆ, ಜಗಳ ಆಡುತ್ತಾರೆ. ಆದರೆ ಒಂದು ಕಡೆ ಐದು ಗೋಲು ಆಯಿತೆಂದರೆ ಯಾರೂ ಹೇಳದೆ ಟೀಮು ಮುರಿದು ಮತ್ತೆ ಹಂಚಿಕೊಳ್ಳುತ್ತಾರೆ. ‘ನೀನು ಆ ಕಡೆ ಹೋಗು, ಅವನು ಈ ಕಡೆ ಬರಲಿ.’ ಸಮಬಲದ ಆಟದಲ್ಲಿ ಗೆದ್ದರೇ ಖುಷಿ ಎಂಬುದು ಅವರಿಗೆ ಗೊತ್ತು. ಕೆಡಿಸುವವರು ದೊಡ್ಡವರು.

ಇಲಾಖೆಯ ನಿಯಮ ಬದಲಾಗುವವರೆಗೆ ಕಾಯಬೇಕಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ, ಕ್ರೀಡಾಕೂಟಕ್ಕೆ ಮುಂಚೆ, ತಾಲ್ಲೂಕಿನ ಪಿ.ಟಿ. ಮೇಷ್ಟ್ರುಗಳೇ ಸೇರಿ ಒಂದು ಶನಿವಾರ ಪುಟ್ಟ ಟೂರ್ನಿಯೊಂದನ್ನು ನಡೆಸಬಹುದು. ಎಂಟು ತಂಡ ಎಂದುಕೊಳ್ಳಿ. ನಾಕೌಟ್ ಆದರೆ ಒಟ್ಟು ಏಳು ಪಂದ್ಯ, ನಾಲ್ಕು ತಂಡಗಳಿಗೆ ಒಂದೇ ಒಂದು ಪಂದ್ಯದ ಭಾಗ್ಯ. ಅದೇ ನಾಲ್ಕು ನಾಲ್ಕರ ಎರಡು ಗುಂಪು ಮಾಡಿದರೆ ಹನ್ನೆರಡು ಪಂದ್ಯ, ಪ್ರತಿ ತಂಡಕ್ಕೂ ಮೂರು. ಮೈದಾನವನ್ನು ಅಡ್ಡಲಾಗಿ ಎರಡು ಮಾಡಿ, ಒಂದು ಕಡೆಗೆ ಏಳೇಳು ಮಕ್ಕಳಂತೆ ಇಪ್ಪತ್ತು ನಿಮಿಷದ ಪಂದ್ಯ ಆಡಿಸಿದರೆ, ಒಂಬತ್ತೂವರೆಗೆ ಶುರುವಾದದ್ದು ಊಟದ ಹೊತ್ತಿಗೆ ಮುಗಿಯುತ್ತದೆ. ಊಟವಾದ ಮೇಲೆ ಫೈನಲ್, ಕಪ್ಪೂ ಇರಲಿ. ಬೇಕಾಗುವುದು ಸುಣ್ಣದ ಪುಡಿ, ಗೋಲಿಗೆ ನೆಡಲು ಎಂಟು ಗಳು, ನಾಲ್ಕು ಚೆಂಡು, ತಂಡಕ್ಕೊಂದು ಹಾಳೆ. ಆ ಹಾಳೆಯಲ್ಲಿ ಪ್ರತಿ ಮಗು ಎಷ್ಟು ನಿಮಿಷ ಆಡಿತು ಎಂದು ಬರೆದು ಮೇಷ್ಟ್ರು ಸಹಿ ಹಾಕಬೇಕು. ಅರ್ಧಕ್ಕಿಂತ ಕಡಿಮೆ ಆಡಿದ ಮಗು ಇದ್ದರೆ ಆ ತಂಡಕ್ಕೆ ಫೈನಲ್ ಇಲ್ಲ. ಹಾಳೆಯನ್ನು ಎತ್ತಿಟ್ಟು, ಮರು ವರ್ಷ ಜೂನ್‌ನಲ್ಲಿ ಅದೇ ಹೆಸರುಗಳನ್ನು ಓದಿ, ಯಾರು ಬಂದಿಲ್ಲವೋ ಅವರ ಮನೆಗೊಂದು ಫೋನ್ ಮಾಡಿ ಯಾಕೆ ಬರಲಿಲ್ಲ ಎಂದು ಕೇಳಬೇಕು.