ಬೂದಿದಿಬ್ಬದಿಂದ ಸನ್ನತಿಯವರೆಗೆ: ಮಿಗತೆಯ ಲೆಕ್ಕ ಮತ್ತು ನಾಗರಿಕತೆಯ ಉದಯ

ಪ್ರತಿ ವರ್ಷ ಮಾರ್ಚ್ 31ರಂದು ವರ್ತಕರು ತಮ್ಮ ಮಳಿಗೆಯ ದಾಸ್ತಾನನ್ನು ಎಣಿಸಿ, ತೂಗಿ, ಪುಸ್ತಕದಲ್ಲಿ ದಾಖಲಿಸುತ್ತಾರೆ. ತೆರಿಗೆ ಕಾಯ್ದೆಗಳ ಒತ್ತಾಯಕ್ಕಾಗಿ ಮಾಡುವ ಈ ಕೆಲಸವು ಅನೇಕರಿಗೆ ಹೊರೆಯೆನಿಸುವುದು ಸಹಜ. ಆದರೆ ದಾಸ್ತಾನಿನ ಲೆಕ್ಕವು ಲಿಪಿಗಿಂತಲೂ ಹಳೆಯದು. ಮಾನವನು ಕೃಷಿಕನಾಗಿ, ಕೃಷಿಕರ ಹಳ್ಳಿಗಳ ನಡುವೆ ನಗರಗಳು ಎದ್ದುನಿಂತ ಚರಿತ್ರೆಯು ಬಹುಮಟ್ಟಿಗೆ ಮಿಗತೆಯನ್ನು ಕೂಡಿಟ್ಟ ಮತ್ತು ಲೆಕ್ಕವಿಟ್ಟ ಚರಿತ್ರೆಯೇ ಆಗಿದೆ. ಇದಕ್ಕೆ ಕಲಬುರಗಿ ಸೀಮೆಯೇ ಉತ್ತಮ ನಿದರ್ಶನವನ್ನು ಒದಗಿಸುತ್ತದೆ.

ಮಿಗತೆಯೇ ಮೂಲ

ಬೇಟೆಯಾಡಿ ತಂದದ್ದನ್ನು ಬೇಗನೆ ತಿಂದು ಮುಗಿಸಬೇಕು. ಧಾನ್ಯವನ್ನಾದರೋ ಹಗೇವಿನಲ್ಲಿ ವರ್ಷವಿಡೀ ಕಾಪಾಡಬಹುದು. ಹಿಮಯುಗವು ಕೊನೆಗೊಂಡ ನಂತರ, ಇಂದಿಗೆ ಹತ್ತು ಸಾವಿರ ವರ್ಷಗಳಿಗೂ ಹಿಂದೆ, ಪಶ್ಚಿಮ ಏಷ್ಯಾದ ಜನರು ಗೋಧಿ ಮತ್ತು ಬಾರ್ಲಿಯನ್ನು ಬಿತ್ತಿ ಬೆಳೆಯತೊಡಗಿದರು. ಕುರಿ, ಮೇಕೆಗಳನ್ನು ಪಳಗಿಸಿದರು. ಉಂಡು ಮಿಕ್ಕ ಧಾನ್ಯವು ಕುಂಬಾರ, ನೇಕಾರ, ಕಮ್ಮಾರರನ್ನು ಪೋಷಿಸಿತು. ಅದರೊಂದಿಗೆ ಯಾರ ಪಾಲು ಎಷ್ಟು, ಯಾರ ಬಾಕಿ ಎಷ್ಟು ಎಂಬ ಪ್ರಶ್ನೆಯೂ ಹುಟ್ಟಿತು.

ಮೆಸೊಪೊಟೇಮಿಯಾದಲ್ಲಿ ಮೊದಲು ಮಣ್ಣಿನ ಸಣ್ಣ ಬಿಲ್ಲೆಗಳಿಂದ ಧಾನ್ಯ, ಕುರಿಗಳ ಲೆಕ್ಕವಿಡುತ್ತಿದ್ದರು. ಕ್ರಿ.ಪೂ. 3300ರ ಸುಮಾರಿಗೆ ಉರುಕ್ ನಗರದಲ್ಲಿ ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆಯುವ ಪದ್ಧತಿ ಬಂದಿತು. ಆ ಮೊದಲ ಬರಹಗಳಲ್ಲಿ ಬಹುಪಾಲು ಕಾವ್ಯವಲ್ಲ, ಸ್ತೋತ್ರವಲ್ಲ, ಉಗ್ರಾಣದ ಜಮಾ-ಖರ್ಚು. ಕ್ರಿ.ಪೂ. 2600ರಿಂದ 1900ರವರೆಗೆ ಮೆರೆದ ಸಿಂಧೂ ನಗರಗಳಲ್ಲಿಯೂ ಸುಮಾರು 13.6 ಗ್ರಾಂ ಮೂಲಮಾನದ ಕಲ್ಲಿನ ತೂಕಗಳು ದೂರದೂರದ ಊರುಗಳಲ್ಲಿ ಏಕರೂಪದಲ್ಲಿ ದೊರೆತಿವೆ.

ನಡೆದಾಡುವ ಬಂಡವಾಳ

ಸಿಂಧೂ ನಗರಗಳು ಉಚ್ಛ್ರಾಯದಲ್ಲಿದ್ದ ಕಾಲದಲ್ಲಿ ಕೃಷ್ಣಾ-ಭೀಮಾ ತೀರವೂ ನಿರ್ಜನವಾಗಿರಲಿಲ್ಲ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ನವಶಿಲಾಯುಗದ ನೆಲೆಯೊಂದು ಬೆಳಕಿಗೆ ಬಂದಿತು. ಜನರ ಮನೆಗಳು, ದನಗಳ ದೊಡ್ಡಿ, ಮಾಂಸವನ್ನು ಕತ್ತರಿಸುತ್ತಿದ್ದ ಜಾಗ, ಕಲ್ಲಿನ ಅಲಗುಗಳನ್ನು ತಯಾರಿಸುತ್ತಿದ್ದ ಕುರುಹುಗಳು ಅಲ್ಲಿ ದೊರೆತವು. ಊರಿನ ಹೆಸರಿನಲ್ಲಿಯೇ ಇರುವ ಬೂದಿಯು ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಉಂಟಾದದ್ದು. ಇಂತಹುದೇ ದಿಬ್ಬವೊಂದರಲ್ಲಿ, ಇಂದಿನ ತೆಲಂಗಾಣದ ಉಟ್ನೂರಿನಲ್ಲಿ, ರೇಮಂಡ್ ಆಲ್ಚಿನ್ ಅವರಿಗೆ ದನಗಳ ಗೊರಸಿನ ಗುರುತುಗಳೇ ಕಾಣಿಸಿದವು.

ಈ ಜನರು ಹುರುಳಿ, ಹೆಸರು, ಕೊರಲೆಗಳನ್ನು ಬೆಳೆಯುತ್ತಿದ್ದರು; ಆದರೆ ಅವರ ಮುಖ್ಯ ಆಸ್ತಿ ದನವೇ. ಕನ್ನಡದ 'ದನ' ಎಂಬ ಪದವು 'ಧನ'ದ ತದ್ಭವವೆಂಬುದನ್ನು ಇಲ್ಲಿ ಸ್ಮರಿಸಬಹುದು. ಹಾಗಿದ್ದೂ ಸಾವಿರಕ್ಕೂ ಮಿಕ್ಕ ವರ್ಷಗಳ ಕಾಲ ಇಲ್ಲಿ ಹಳ್ಳಿಗಳು ಇದ್ದವೇ ಹೊರತು ನಗರವೊಂದೂ ಹುಟ್ಟಲಿಲ್ಲ. ಬಂಡವಾಳದ ಸ್ವರೂಪವೇ ಇದಕ್ಕೆ ಒಂದು ಕಾರಣವೆನ್ನಬಹುದು. ದನವು ತಾನೇ ನಡೆದು ಹೋಗುತ್ತದೆ, ಕರು ಹಾಕಿ ವೃದ್ಧಿಯಾಗುತ್ತದೆ; ಆದರೆ ಒಂದು ಬರ ಅಥವಾ ಒಂದು ರೋಗದಿಂದ ಮಂದೆಯೇ ನಾಶವಾಗಬಹುದು. ಅದನ್ನು ಸೇರು, ಪಾವುಗಳಲ್ಲಿ ಹಂಚಲಾಗದು, ಹಗೇವಿನಲ್ಲಿ ತುಂಬಿಡಲಾಗದು.

ಹೊರಗಿನಿಂದ ಬಂದ ಬೆಳೆ

ಇಂದು ಸೇಡಂ, ಚಿತ್ತಾಪುರ, ಚಿಂಚೋಳಿಗಳ ಮಾರುಕಟ್ಟೆಯನ್ನು ಆಳುವ ತೊಗರಿ, ಈ ಭಾಗದ ಮುಖ್ಯ ಆಹಾರವಾದ ಜೋಳ, ಇವೆರಡೂ ಹೊರಗಿನಿಂದ ಬಂದವು. ಜೋಳದ ತವರು ಆಫ್ರಿಕಾ. ತೊಗರಿಯ ಕಾಡುಮೂಲವಿರುವುದು ಒಡಿಶಾ, ಛತ್ತೀಸಗಢಗಳ ಕಡೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಲ್ಲಿನ ತೊಗರಿಬೇಳೆಯೂ ಕೊಡು-ಕೊಳ್ಳುವಿಕೆಯ ಪುರಾತನ ಫಲವೇ ಆಗಿದೆ. ಕ್ರಿ.ಪೂ. 1200ರ ಆಸುಪಾಸಿನಿಂದ ಕಬ್ಬಿಣದ ಬಳಕೆಯು ಹರಡಿತು. ಹೊಸ ಬೆಳೆ, ಹೊಸ ಸಲಕರಣೆ, ಉತ್ತರ-ದಕ್ಷಿಣಗಳನ್ನು ಬೆಸೆಯುವ ಹಾದಿಗಳು ಕೂಡಿದಾಗ ನಗರಕ್ಕೆ ಬೇಕಾದ ಮಿಗತೆ ಸಿದ್ಧವಾಯಿತು.

ಸನ್ನತಿಯ ಸಾಕ್ಷ್ಯ

ಆ ನಗರದ ಕುರುಹು ಭೀಮಾ ತೀರದ ಸನ್ನತಿಯಲ್ಲಿದೆ. 1980ರ ದಶಕದಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಛಾವಣಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಗೋಚರಿಸಿದವು. ಅವುಗಳಲ್ಲೊಂದು ಪರಧರ್ಮವನ್ನು ಗೌರವಿಸಬೇಕೆಂದು ಸಾರುವ ಹನ್ನೆರಡನೆಯ ಶಾಸನ. ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 1994ರಿಂದ ನಡೆಸಿದ ಉತ್ಖನನದಲ್ಲಿ ಬೃಹತ್ ಬೌದ್ಧ ಸ್ತೂಪ, ಶಾತವಾಹನರ ಸೀಸದ ನಾಣ್ಯಗಳು, 'ರಾಯಾ ಅಸೋಕೋ' ಎಂಬ ಬರಹವುಳ್ಳ ಅಶೋಕನ ಶಿಲ್ಪ ದೊರೆತವು. ಕೋಟೆಯಿಂದ ಆವೃತವಾದ ರಣಮಂಡಲವು ಇಲ್ಲಿದ್ದ ಪಟ್ಟಣದ ವಿಸ್ತಾರವನ್ನು ಸೂಚಿಸುತ್ತದೆ.

ಸ್ತೂಪದ ಫಲಕಗಳು ಸುಣ್ಣಕಲ್ಲಿನವು. ಶಹಾಬಾದ್ ಫರಸಿಗೂ ವಾಡಿಯ ಸಿಮೆಂಟಿಗೂ ಆಧಾರವಾಗಿರುವುದು ಸುಣ್ಣಕಲ್ಲೇ. ಆ ಫಲಕಗಳ ಮೇಲೆ ದಾನಿಗಳ ಹೆಸರುಗಳನ್ನು ಕೊರೆಯಲಾಗಿದೆ. ದಾನಕ್ಕೆ ಮಿಗತೆ ಬೇಕು. ದಾನವನ್ನು ದಾಖಲಿಸಲು ಲಿಪಿ ಬೇಕು. ಬೂದಿಹಾಳದಲ್ಲಿ ಇಲ್ಲದಿದ್ದುದು, ಸನ್ನತಿಯಲ್ಲಿ ಇದ್ದುದು ಈ ದಾಖಲೆಯೇ.

ವರ್ತಕರ ಹೊಣೆ

ಉತ್ಖನನ ಮುಗಿದು ಎರಡು ದಶಕಗಳಾದ ಮೇಲಷ್ಟೇ ಸ್ತೂಪದ ಬಿಡಿ ಕಲ್ಲುಗಳ ಜೋಡಣೆ ಆರಂಭವಾಯಿತು. ಬೂದಿದಿಬ್ಬಗಳಿಗೆ ಆ ಅದೃಷ್ಟವೂ ಇಲ್ಲ. ಹಲವು ದಿಬ್ಬಗಳ ಬೂದಿಯು ಗೊಬ್ಬರವೆಂದು ಹೊಲ ಸೇರಿದೆ. ಬಳ್ಳಾರಿಯ ಸಂಗನಕಲ್ಲಿನ ನೆಲೆಯು ಕಲ್ಲುಗಣಿಗಾರಿಕೆಯಿಂದ ಹಾನಿಗೊಂಡಿದೆ. ರಾಷ್ಟ್ರೀಯ ಮಹತ್ತ್ವದ ಸಂರಕ್ಷಿತ ಸ್ಮಾರಕಗಳ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಕಟ್ಟಡ ಕಟ್ಟುವವರೂ ಕಲ್ಲು ತೆಗೆಯುವವರೂ ಜಮೀನು ಖರೀದಿಗೆ ಮುನ್ನವೇ ಇದನ್ನು ಪರಿಶೀಲಿಸಿಕೊಳ್ಳುವುದು ಲೇಸು. ಇಲ್ಲವಾದರೆ ಹೂಡಿದ ಹಣವು ನಿಂತುಹೋಗುವ ಸಂಭವವಿದೆ. ಸಂರಕ್ಷಿತ ಪಟ್ಟಿಯಲ್ಲಿಲ್ಲದ ದಿಬ್ಬಗಳಿಗೆ ಈ ನಿಯಮದ ರಕ್ಷಣೆಯಿಲ್ಲ. ಅವು ಉಳಿಯುವುದು ಜಮೀನಿನ ಒಡೆಯರ, ಗುತ್ತಿಗೆದಾರರ ವಿವೇಕದಿಂದ ಮಾತ್ರ.

ಹಳೆಯ ಖಾತೆಪುಸ್ತಕವನ್ನು ಸುಟ್ಟ ವ್ಯಾಪಾರಿಯು ತನ್ನ ಬರಬೇಕಾದ ಬಾಕಿಯನ್ನು ಸಾಬೀತುಪಡಿಸಲಾರ. ಭೀಮಾ ತೀರದ ಬೂದಿದಿಬ್ಬ, ಶಾಸನ, ಸ್ತೂಪಗಳು ಈ ನಾಡಿನ ಅಂತಹ ಖಾತೆಪುಸ್ತಕಗಳು. ಒಮ್ಮೆ ಕಳೆದುಹೋದರೆ ಅವುಗಳ ನಕಲು ಪ್ರತಿಯು ಬೇರೆಲ್ಲಿಯೂ ದೊರೆಯುವುದಿಲ್ಲ.