ದಹಿಸರ್‌ನ ಉಪ್ಪಿನಾಗರ

"ಅವನು ಗುಣಗಳ ಆಗರ" ಎಂದು ನಿಮ್ಮ ಅಜ್ಜಿ ಯಾರನ್ನೋ ಹೊಗಳಿದ್ದನ್ನು ನೀವು ಕೇಳಿರಬಹುದು. ನಮ್ಮ ಕರಾವಳಿಯಲ್ಲಿ ಉಪ್ಪು ತೆಗೆಯುವ ಗದ್ದೆಗೂ ಆಗರ ಎಂದೇ ಹೆಸರು. ಮರಾಠಿಯಲ್ಲೂ ಅದು ಆಗರವೇ. ದಹಿಸರ್, ಭಾಯಂದರ್ ಕಡೆಯ ಹಳೆಯ ನಿವಾಸಿಗಳಾದ ಆಗ್ರಿ ಜನರಿಗೆ ಆ ಹೆಸರು ಬಂದದ್ದು ಈ ಆಗರದಿಂದ ಎನ್ನುತ್ತಾರೆ.

ಉಪ್ಪು ತೆಗೆಯುವುದೆಂದರೆ ನೀರು ಒಣಗಿಸುವುದಷ್ಟೇ ಎಂದುಕೊಳ್ಳಬೇಡಿ. ದೊಡ್ಡ ಭರತದ ದಿನ ತೂಬು ತೆರೆದು ಖಾಡಿಯ ನೀರನ್ನು ಒಳಗೆ ಬಿಟ್ಟುಕೊಳ್ಳಬೇಕು. ಒಂದು ಲೀಟರಿನಲ್ಲಿ ಇರುವ ಲವಣ ಸುಮಾರು 35 ಗ್ರಾಂ ಮಾತ್ರ. ಹತ್ತರಲ್ಲಿ ಒಂಬತ್ತು ಪಾಲು ನೀರು ಆವಿಯಾದ ಮೇಲೆಯೇ ಹರಳು ಕಟ್ಟುವುದು. ಅದಕ್ಕೂ ಮೊದಲು ಜಿಪ್ಸಂ ತಳಕ್ಕಿಳಿಯುತ್ತದೆ. ಕೊನೆಗೆ ಉಳಿಯುವ ಕಹಿನೀರನ್ನು ಸರಿಯಾದ ಹೊತ್ತಿಗೆ ಹೊರಬಿಡದಿದ್ದರೆ ಉಪ್ಪು ಕಹಿಯಾಗುತ್ತದೆ, ಜಿನುಗುತ್ತದೆ. ಅಂಥ ಉಪ್ಪಿನಲ್ಲಿ ಮಾವಿನಮಿಡಿ ಹಾಕಿದರೆ ಏನಾಗುತ್ತದೆಂದು ನಿಮ್ಮ ತಾಯಿಯನ್ನು ಕೇಳಿ!

ಹಳೆಯ ಕಾಲದ ಉಪ್ಪಿನ ಕೆಲಸದ ಕುರುಹು ಹುಡುಕುವುದು ಇಲ್ಲಿ ಬಲು ಕಷ್ಟ. ಇಂಗ್ಲೆಂಡಿನ ಲಿಂಕನ್‌ಶೈರ್ ತೀರದಲ್ಲಿ ಮಧ್ಯಯುಗದ ಜನ ಉಪ್ಪುಮಣ್ಣನ್ನು ತೊಳೆದು, ಆ ನೀರನ್ನು ಬೆಂಕಿಯ ಮೇಲೆ ಕುದಿಸಿ ಉಪ್ಪು ಮಾಡುತ್ತಿದ್ದರು. ಅವರು ಸುರಿದ ಮಣ್ಣಿನ ದಿಬ್ಬಗಳು ಇಂದಿಗೂ ಅಲ್ಲಿವೆ. ನಮ್ಮಲ್ಲಿ ಆ ಕೆಲಸ ಸೂರ್ಯನದು. ಒಲೆಯಿಲ್ಲ, ಬೂದಿಯಿಲ್ಲ, ಮಡಕೆಯ ಚೂರೂ ಇಲ್ಲ. ಮಳೆಗೆ ಕೊಚ್ಚಿಹೋದ ಬದುವನ್ನು ಅದೇ ಸಾಲಿನಲ್ಲಿ ಮತ್ತೆ ಮತ್ತೆ ಕಟ್ಟುವಾಗ ಹಳೆಯ ಮಣ್ಣು ಹೊಸದರೊಳಗೆ ಸೇರಿಹೋಗುತ್ತದೆ. ಉಳಿಯುವುದು ಬದುವಿನ ಗೆರೆ ಮತ್ತು ಜಾಗದ ಹೆಸರು.

ಆದರೆ ಸುತ್ತಲಿನ ಕಲ್ಲುಗಳು ಮೂಕವಲ್ಲ. ಕಾನ್ಹೇರಿ ಗುಹೆಗಳಲ್ಲಿರುವ 9ನೆಯ ಶತಮಾನದ ಶಿಲಾಹಾರ ಶಾಸನಗಳು ತಮ್ಮ ಒಡೆಯನೆಂದು ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು. 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲೇ. ಕನ್ನಡಿಗರು ಮುಂಬಯಿಗೆ ಬಂದದ್ದು ಹೋಟೆಲು ನಡೆಸಲು ಮಾತ್ರ ಎನ್ನುವ ಗೆಳೆಯರಿಗೆ ಇದನ್ನು ಹೇಳಿ. ಬೋರಿವಲಿಯ ಏಕ್ಸರ್‌ನಲ್ಲಿ ಹಡಗುಗಳ ಕಾಳಗವನ್ನು ಕೆತ್ತಿದ ವೀರಗಲ್ಲುಗಳಿವೆ. ಇವು ಉಪ್ಪಿನ ಮಾತೆತ್ತುವುದಿಲ್ಲ ನಿಜ, ಆದರೆ ಈ ಖಾಡಿಗಳು ಆಗಲೇ ಜನ ಬಡಿದಾಡುವಷ್ಟು ಬೆಲೆಬಾಳುತ್ತಿದ್ದವು ಎಂದು ತಿಳಿಯುತ್ತದೆ.

2024ರಲ್ಲಿ ಕೇಂದ್ರ ಸರ್ಕಾರ ಕಾಂಜುರ್‌ಮಾರ್ಗ್, ಭಾಂಡುಪ್, ಮುಲುಂಡ್‌ಗಳ ಸುಮಾರು 256 ಎಕರೆ ಉಪ್ಪಿನ ಭೂಮಿಯನ್ನು ಧಾರಾವಿ ಯೋಜನೆಯ ಮನೆಗಳಿಗಾಗಿ ರಾಜ್ಯಕ್ಕೆ ಕೊಡಲು ಒಪ್ಪಿತು. ಮನೆ ಬೇಡವೆಂದು ಬಡವರಿಗೆ ಹೇಳುವ ಹಕ್ಕು ನಮಗಿಲ್ಲ. ಆದರೆ 2005ರ ಜುಲೈ 26ರ ಮಳೆಯನ್ನು ಕಂಡವರಿಗೆ ತಗ್ಗುಭೂಮಿಯ ಬೆಲೆ ಗೊತ್ತು. ಮೇಲೆ ಮಣ್ಣು ಸುರಿದರೆ ಬದುವಿನ ಗೆರೆಯೂ ಹೋಯಿತು, ಹೆಸರೂ ಹೋಯಿತು.

ರಜೆಗೆ ಊರಿಗೆ ಹೋದಾಗ ಗೋಕರ್ಣದ ಬಳಿಯ ಸಾಣಿಕಟ್ಟಾ ನೋಡಿ ಬನ್ನಿ, ಬೇಸಿಗೆಯಲ್ಲಿ ಹೋದರೆ ಬಿಳಿ ರಾಶಿಗಳು ಕಾಣುತ್ತವೆ. ಅದಕ್ಕೂ ಮೊದಲು, ನಿಮ್ಮ ಕಟ್ಟಡದ ಹಿಂದಿನ ಹಳ್ಳಿಯಲ್ಲಿ ಯಾರಾದರೂ ಆಗ್ರಿ ಅಜ್ಜ ಇದ್ದರೆ ಆಗರಗಳ ಹೆಸರು ಕೇಳಿ ಬರೆದುಕೊಳ್ಳಿ. ನಿಮ್ಮ ಮರಾಠಿ ನಮ್ಮದಕ್ಕಿಂತ ಚೆನ್ನಾಗಿದೆ.