ಕುಡುಗೋಲು ಅಕ್ಷರ ತಿದ್ದೋಣ ಬನ್ನಿ

ಮಕ್ಕಳೇ, ಒಮ್ಮೆ ‘ಕ್’ ಎಂದು ಹೇಳಿ ನೋಡಿ. ನಾಲಿಗೆಯ ಹಿಂಭಾಗ ಮೇಲೆದ್ದು ಗಂಟಲ ಬಾಗಿಲನ್ನು ಮುಚ್ಚುತ್ತದೆ, ಅಲ್ಲವೇ? ಈಗ ‘ನ್’ ಎನ್ನಿ. ನಾಲಿಗೆಯ ತುದಿ ಹಲ್ಲಿನ ಹಿಂದೆ ಮೇಲಕ್ಕೆ ತಾಗುತ್ತದೆ. ನಾಲಿಗೆ ಹೀಗೆ ಬಾಗಿ ನಿಲ್ಲುವ ಆಕಾರವನ್ನೇ ಗೆರೆ ಎಳೆದು ಅಕ್ಷರ ಮಾಡಿಕೊಂಡವರು ಕೊರಿಯಾದವರು. ಅವರ ಲಿಪಿಗೆ ಹಂಗುಲ್ ಎಂದು ಹೆಸರು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಈ ಉಸಾಬರಿ ಯಾಕೆ ಎಂದು ಅಜ್ಜಂದಿರು ಕೇಳಬಹುದು. ಮಗಳ ಸಂಸಾರ ಸೋಲ್ ನಗರದ ಹತ್ತಿರದ ಸುವಾನ್‌ನಲ್ಲಿದೆ. ಎಂಟು ವರ್ಷದ ಮೊಮ್ಮಗಳು ಅಲ್ಲಿಯ ಶಾಲೆಗೆ ಹೋಗುತ್ತಾಳೆ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರೆಯಲು ಬಾರದು. ನನ್ನ ಹೆಂಡತಿ ಅವಳಿಗೆ ತಿಂಗಳಿಗೊಂದು ಕಾಗದ ಬರೆಯುತ್ತಾಳೆ. ಅದನ್ನು ಮಗಳೇ ಓದಿ ಹೇಳಬೇಕು. ಅಜ್ಜಿಯ ಗುಟ್ಟು ಅಮ್ಮನ ಬಾಯಿಂದ ಬಂದರೆ ಅದು ಗುಟ್ಟಾಗಿ ಉಳಿಯುತ್ತದೆಯೇ? ಕನ್ನಡ ಕಲಿಯೇ ಎಂದೆ. “ನೀನು ನಮ್ಮ ಅಕ್ಷರ ಕಲಿ ತಾತ, ಆಮೇಲೆ ನಾನು ನಿಮ್ಮ ಅಕ್ಷರ ಕಲೀತೀನಿ” ಎಂದಳು. ಆ ‘ನಮ್ಮ’, ‘ನಿಮ್ಮ’ ಎರಡೂ ಮನಸ್ಸಿಗೆ ಚುರುಕ್ಕೆಂದವು. ಒಪ್ಪಿಕೊಂಡೆ.

ಅಲ್ಲಿಂದ ಒಂದು ಪುಸ್ತಕ ಬಂತು. ಪುಟದ ತುಂಬ ಚೌಕಗಳು, ಒಂದೊಂದು ಚೌಕದಲ್ಲೂ ಚುಕ್ಕೆ ಗೆರೆ. ಮೂಲಂಗಿಯನ್ನು ಚೌಕ ಚೌಕವಾಗಿ ಹೆಚ್ಚಿ ಮಾಡುವ ಕಿಮ್ಚಿಗೆ ಕೊರಿಯಾದಲ್ಲಿ ‘ಕಾಕ್ತುಗಿ’ ಎನ್ನುತ್ತಾರೆ. ಮಕ್ಕಳ ಚೌಕುಳಿ ಪುಸ್ತಕಕ್ಕೂ ಅದೇ ಹೆಸರು! ಮಸುಕಾಗಿ ಅಚ್ಚಾದ ಅಕ್ಷರದ ಮೇಲೆ ಪೆನ್ಸಿಲ್ ಆಡಿಸಬೇಕು. ನಮ್ಮ ಕಾಲದಲ್ಲಿ ಮರಳಿನ ಮೇಲೆ, ಸ್ಲೇಟಿನ ಮೇಲೆ ಮೇಷ್ಟ್ರು ಬರೆದದ್ದನ್ನು ತಿದ್ದುತ್ತಿದ್ದೆವಲ್ಲ, ಅದೇ.

ಮೊದಲ ಅಕ್ಷರ ‘ಕ’. ಎಡದಿಂದ ಬಲಕ್ಕೆ ಒಂದು ಅಡ್ಡಗೆರೆ, ಕೈ ಎತ್ತದೆ ಅಲ್ಲಿಂದಲೇ ಕೆಳಕ್ಕೆ. ನೋಡಲು ಕುಡುಗೋಲಿನ ಹಾಗೆ. ಎದುರಿಗೆ ಕುಡುಗೋಲೇ ಇದ್ದರೂ ಈ ಅಕ್ಷರ ಗುರುತು ಹತ್ತದವನು ಎಂದು ಓದುಬಾರದವರ ಬಗ್ಗೆ ಅಲ್ಲೊಂದು ಗಾದೆಯೇ ಇದೆ. ಇದರ ಹೊಟ್ಟೆಗೆ ಇನ್ನೊಂದು ಅಡ್ಡಗೆರೆ ಹಾಕಿದರೆ ‘ಖ’. ನಮ್ಮಲ್ಲಿ ‘ದ’ದ ಹೊಟ್ಟೆ ಸೀಳಿದರೆ ‘ಧ’ ಆಗುವುದಿಲ್ಲವೇ, ಹಾಗೆ. ‘ಮ’ ಎಂದರೆ ಬಾಯಿಯ ಆಕಾರದ ಚೌಕ. ಆದರೆ ಒಂದೇ ಸುತ್ತಿಗೆ ಎಳೆಯುವಂತಿಲ್ಲ. ಮೊದಲು ಎಡಗೋಡೆ, ಆಮೇಲೆ ಸೂರು ಮತ್ತು ಬಲಗೋಡೆ ಒಟ್ಟಿಗೆ, ಕೊನೆಗೆ ನೆಲ. ಶನಿವಾರದ ವಿಡಿಯೋ ಕರೆಯಲ್ಲಿ ಮೊಮ್ಮಗಳು ನನ್ನ ಪೆನ್ಸಿಲ್ಲಿನ ತುದಿಯನ್ನೇ ನೋಡುತ್ತಿರುತ್ತಾಳೆ. ಯಾವ ಇನ್‌ಸ್ಪೆಕ್ಟರೂ ನನ್ನ ಲೆಡ್ಜರನ್ನು ಅಷ್ಟು ಕಣ್ಣಿಟ್ಟು ನೋಡಿರಲಿಲ್ಲ.

ಕನ್ನಡ ಗುಂಡಗಿನ ಲಿಪಿ. ಕೈ ಸ್ವಲ್ಪ ನಡುಗಿದರೂ ಸುತ್ತಿನಲ್ಲಿ ಸೇರಿಹೋಗುತ್ತದೆ. ಹಂಗುಲಿನ ನೆಟ್ಟನೆಯ ಗೆರೆ ಮುದುಕರ ನಡುಕವನ್ನು ಮುಚ್ಚಿಡುವುದಿಲ್ಲ. ನಿಧಾನವಾಗಿ, ಉಸಿರು ಬಿಗಿಹಿಡಿಯದೆ ಎಳೆಯಬೇಕು.

ಈ ಲಿಪಿಯನ್ನು 1443ರಲ್ಲಿ ಸಿದ್ಧಮಾಡಿ 1446ರಲ್ಲಿ ಪ್ರಜೆಗಳಿಗೆ ಕೊಟ್ಟವನು ಸೇಜೊಂಗ್ ಎಂಬ ದೊರೆ. ಅದಕ್ಕೆ ಮುಂಚೆ ಅಲ್ಲಿ ಓದುಬರಹವೆಂದರೆ ಚೀನೀ ಅಕ್ಷರಗಳು. ಸಾವಿರಾರು ಅಕ್ಷರ ಕಲಿಯಲು ಹೊಲದಲ್ಲಿ ದುಡಿಯುವವರಿಗೆ ಪುರುಸೊತ್ತೆಲ್ಲಿ? ಆಸ್ಥಾನದ ಕೆಲವು ಪಂಡಿತರು ಹೊಸ ಲಿಪಿ ಬೇಡವೆಂದು ಅರ್ಜಿ ಬರೆದುಕೊಟ್ಟರು. ದೊರೆ ಜಗ್ಗಲಿಲ್ಲ. ಆಗ 28 ಅಕ್ಷರವಿತ್ತು, ಈಗ ಮೂಲಾಕ್ಷರಗಳು 24: 14 ವ್ಯಂಜನ, 10 ಸ್ವರ. ದಕ್ಷಿಣ ಕೊರಿಯಾದಲ್ಲಿ ಅಕ್ಟೋಬರ್ 9 ಹಂಗುಲ್ ದಿನ. ಅಕ್ಷರಕ್ಕಾಗಿ ದೇಶಕ್ಕೆಲ್ಲ ರಜೆ!

ನೀವೂ ಒಂದು ಪದ ಬರೆಯಿರಿ. ಒಂದು ಸಣ್ಣ ಸೊನ್ನೆ. ಅದರ ಬಲಕ್ಕೆ ಒಂದು ಗಿಡ್ಡ ಅಡ್ಡಗೆರೆ, ಅದರ ಕೊನೆಗೆ ತಾಗುವಂತೆ ಒಂದು ನೆಟ್ಟಗೆರೆ. ಇವೆರಡರ ಕೆಳಗೆ ‘ಮ’ದ ಚೌಕ. ಇದಿಷ್ಟೂ ಸೇರಿ ‘ಒಮ್’. ಮೊದಲಲ್ಲಿ ಬರುವ ಸೊನ್ನೆಗೆ ಸದ್ದಿಲ್ಲ. ಪಕ್ಕದಲ್ಲಿ ಇನ್ನೊಂದು ಚೌಕ, ಅದರ ಬಲಕ್ಕೆ ನೆಟ್ಟಗೆರೆ, ಆ ಗೆರೆಯ ನಡುವಿನಿಂದ ಹೊರಕ್ಕೆ ಗಿಡ್ಡಗೆರೆ. ಅದು ‘ಮಾ’. ಕೂಡಿಸಿ ಓದಿ: ‘ಒಮ್ಮಾ’. ಅರ್ಥ ಬೇರೆ ಹೇಳಬೇಕೆ? ಅವರು ತಂದೆಯನ್ನು ‘ಅಪ್ಪಾ’ ಎಂದೇ ಕರೆಯುತ್ತಾರೆ. ಇಷ್ಟರಿಂದಲೇ ಎರಡೂ ಒಂದೇ ಭಾಷೆಯ ಮಕ್ಕಳು ಎನ್ನಲು ನಾನು ಸಿದ್ಧನಿಲ್ಲ. ಅಮ್ಮ, ಅಪ್ಪ ಎಂಬಂಥ ತುಟಿಯ ಸದ್ದುಗಳು ಎಲ್ಲ ದೇಶದ ಕೂಸುಗಳಿಗೂ ಬೇಗ ಬರುತ್ತವೆ.

ಅಕ್ಷರದ ಕೆಳಗೆ ಕೂರುವ ಆ ಚೌಕ ನಮ್ಮ ಒತ್ತಕ್ಷರದಂತೆ ಕಂಡರೂ ಕೆಲಸ ಬೇರೆ. ನಮ್ಮ ಒತ್ತು ಮುಂದಿನ ಸ್ವರದ ಜೊತೆ ಹೋಗುತ್ತದೆ, ಅವರದು ಹಿಂದಿನ ಸ್ವರವನ್ನು ಅಲ್ಲೇ ಮುಚ್ಚುತ್ತದೆ. ಇದನ್ನು ಮೊಮ್ಮಗಳಿಗೆ ತಿಳಿಸಲು ಎರಡು ಶನಿವಾರ ಹಿಡಿಯಿತು.

ಅವಳು ಮಾತಿಗೆ ತಪ್ಪಲಿಲ್ಲ. ನಾನು ಬರೆದು ಕಳಿಸಿದ ಹಾಳೆಗಳ ಮೇಲೆ ಕನ್ನಡ ತಿದ್ದುತ್ತಿದ್ದಾಳೆ. ‘ಋ’ ಬಂದ ದಿನ “ತಾತ, ಇದಕ್ಕೆ ಎಷ್ಟು ಸುತ್ತು?” ಎಂದು ಅತ್ತೇಬಿಟ್ಟಳು. ಈಗ ಕಾಗುಣಿತ ಮುಗಿದಿದೆ. ಅಜ್ಜಿಯ ಮುಂದಿನ ಕಾಗದವನ್ನು ತಾನೇ ಓದುತ್ತಾಳಂತೆ, ಅಮ್ಮ ಮುಟ್ಟಕೂಡದಂತೆ. ಆದರೆ ಅದರಲ್ಲಿ ಒತ್ತಕ್ಷರ ಇರಬಾರದು ಎಂದು ಕರಾರು ಹಾಕಿದ್ದಾಳೆ.

ನನ್ನ ಹೆಂಡತಿ ಎರಡು ದಿನದಿಂದ ಹಾಳೆ ಹಿಡಿದು ಕೂತಿದ್ದಾಳೆ. “ಅಮ್ಮ, ಅಪ್ಪ, ಅಜ್ಜಿ. ಇದರಲ್ಲಿ ಯಾರನ್ನು ಬಿಡಲಿ ಹೇಳಿ?” ಎನ್ನುತ್ತಾಳೆ.